ಹಟ್ಟಿಯ ಮೂಲೆಯ ಕುಲುಮೆ: ಯಂತ್ರದ ಬಿಡಿಭಾಗ ಎರಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮ ತೋಟ. ದನಗಳು ಕಡಿಮೆಯಾದ ಮೇಲೆ ಹಟ್ಟಿಯ ಒಂದು ಮೂಲೆ ಖಾಲಿ ಬಿತ್ತು. ಅಲ್ಲಿ ಕುಲುಮೆ ಕಟ್ಟಿದೆ. ಅಡಿಕೆ ಸುಲಿಯುವ ಯಂತ್ರಕ್ಕೆ ನಾನೇ ಒಂದು ಪುಲ್ಲಿ ಎರಕ ಹೊಯ್ದ ಸುದ್ದಿ ಹರಡಿದ ಮೇಲೆ ಮುರಿದ ಕಬ್ಬಿಣವನ್ನು ಗೋಣಿಯಲ್ಲಿ ಕಟ್ಟಿಕೊಂಡು ಬರುವವರು ಹೆಚ್ಚಾದರು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ. ಅದನ್ನೇ ಇಲ್ಲಿ ಬರೆದಿದ್ದೇನೆ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ತಾನಾಗಿ ಹರಿದು ತೋಟಕ್ಕೆ ಇಳಿಯುವ, ಪಂಪಿನ ಹಂಗೇ ಇಲ್ಲದ ಅದೃಷ್ಟವಂತರು ಇದನ್ನು ಓದಬೇಕಾಗಿಲ್ಲ.

ಯಂತ್ರದ ಒಂದು ಭಾಗ ಮುರಿದಿದೆ. ಎರಕ ಹೊಯ್ದರೆ ಆಗುತ್ತದೆಯೇ?

ಆಗಬಹುದು. ಆದರೆ ಮೊದಲು ಇನ್ನು ಮೂರು ದಾರಿ ನೋಡಿ. ಮಂಗಳೂರಿಗೆ ಒಂದು ಬಸ್ಸಿನ ದೂರದಲ್ಲಿ ಅದೇ ಭಾಗ ಸಿಗುತ್ತದೆಯೇ? ಬೀಡು ಕಬ್ಬಿಣವಾದರೆ ನಿಕ್ಕಲ್ ರಾಡಿನಿಂದ ಬೆಸುಗೆ ಹಾಕಲು ಅಥವಾ ಹಿತ್ತಾಳೆ ಹಿಡಿಸಲು ಬರುವುದೇ? ಬುಶ್ (ಶಾಫ್ಟಿನ ಸುತ್ತ ಕೂರುವ ಬಳೆ) ಅಥವಾ ಕಾಲರಿನಂತಹ ದುಂಡನೆಯ ಭಾಗವಾದರೆ ಲೇತಿನಲ್ಲಿ ಗಟ್ಟಿ ರಾಡಿನಿಂದ ಕಡೆದು ತೆಗೆಯಬಹುದೇ? ಈ ಮೂರೂ ಆಗದಿದ್ದರೆ ಎರಕ. ನನ್ನಲ್ಲಿಗೆ ಬಂದವರಲ್ಲಿ ಹೆಚ್ಚಿನವರನ್ನು ನಾನು ಬೆಸುಗೆಯವನ ಬಳಿಗೇ ಕಳಿಸಿದ್ದೇನೆ. ಕೆಲವರಿಗೆ ಅದರಿಂದ ನಿರಾಸೆಯೂ ಆಗಿದೆ. ಬೆಂಕಿ ನೋಡಲೆಂದೇ ಬಂದಿರುತ್ತಾರೆ.

ಯಾವ ಭಾಗಗಳಿಗೆ ಕೈ ಹಾಕಬಾರದು?

ಮುರಿದರೆ ಮನುಷ್ಯನಿಗೆ ಪೆಟ್ಟಾಗುವ ಯಾವುದಕ್ಕೂ. ಬ್ರೇಕ್, ಸ್ಟಿಯರಿಂಗ್, ಭಾರ ಎತ್ತುವ ಕೊಕ್ಕೆ, ಫ್ಲೈವೀಲ್, ಕನೆಕ್ಟಿಂಗ್ ರಾಡ್, ಹುಲ್ಲು ಕತ್ತರಿಸುವ ಯಂತ್ರದ ಅಲಗು, ಗ್ರೈಂಡರಿನ ಕಾಪು. ನಮ್ಮ ಊರಿನ ಮಟ್ಟಿಗೆ ಇನ್ನೊಂದನ್ನು ಒತ್ತಿ ಹೇಳಬೇಕು: ಮರ ಏರುವ ಯಂತ್ರ. ಅಡಿಕೆ ಮರದ ತುದಿಯಲ್ಲಿ ಒಂದು ಜೀವವನ್ನು ಹಿಡಿದು ನಿಲ್ಲುವ ಕೊಂಡಿಯನ್ನು ಹಟ್ಟಿಯಲ್ಲಿ ಹೊಯ್ಯಬೇಡಿ. ಎರಕದ ಒಳಗಿನ ಗಾಳಿಗುಳ್ಳೆ ಹೊರಗಿನಿಂದ ಕಾಣುವುದಿಲ್ಲ.

ಮದ್ದು ಬಿಡುವ ಪವರ್ ಸ್ಪ್ರೇಯರಿನ ಒತ್ತಡದ ಕಡೆಯ ಭಾಗಗಳೂ ಬೇಡ. ಪುಲ್ಲಿ, ಕೈಹಿಡಿ, ಬೇರಿಂಗ್ ಕೂರುವ ಮನೆ, ಮುಚ್ಚಳ, ಮೋಟಾರಿನ ಕಾಲು, ಚೈನಿನ ಕಾಪು ಇವು ಧಾರಾಳವಾಗಿ ಆಗುತ್ತವೆ.

ಯಾವ ಲೋಹದಿಂದ ಶುರು ಮಾಡಲಿ?

ಅಲ್ಯೂಮಿನಿಯಂ. ಅದು 660 ಡಿಗ್ರಿ ಸೆಲ್ಸಿಯಸಿನಲ್ಲಿ ಕರಗುತ್ತದೆ, 700ರಿಂದ 740ರ ನಡುವೆ ಸುರಿಯಬಹುದು. ಇದ್ದಿಲು ಮತ್ತು ಸಣ್ಣ ಬ್ಲೋವರ್ ಸಾಕು.

ಹಿತ್ತಾಳೆಗೆ 900ರ ಮೇಲೆ ಬೇಕು. ಕಷ್ಟ ಕಾವಿನದಲ್ಲ, ಸತುವಿನದು. ಸತು 907 ಡಿಗ್ರಿಯಲ್ಲಿ ಕುದಿಯುತ್ತದೆ. ಅಂದರೆ ಹಿತ್ತಾಳೆ ನೀರಾಗುವ ಹೊತ್ತಿಗೆ ಅದರೊಳಗಿನ ಸತು ಬಿಳಿ ಹೊಗೆಯಾಗಿ ಏಳತೊಡಗಿರುತ್ತದೆ. ಆ ಹೊಗೆ ಕುಡಿದವನಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು. ಹಾಲು ಕುಡಿದರೆ ಸರಿಹೋಗುತ್ತದೆ ಎನ್ನುವುದು ಬೆಸುಗೆಯವರ ನಂಬಿಕೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ.

ಬೀಡು ಕಬ್ಬಿಣ ಕರಗುವುದೇ 1150 ಡಿಗ್ರಿಯ ಮೇಲೆ. ಸುರಿಯಲು ಅದಕ್ಕಿಂತ ಇನ್ನೂ ನೂರಿನ್ನೂರು ಡಿಗ್ರಿ ಹೆಚ್ಚು ಬೇಕು. ಅದು ಮನೆಯ ಕೆಲಸವಲ್ಲ. ಮರಳಿನಲ್ಲಿ ಒತ್ತಿ ಅಚ್ಚು ಮೂಡಿಸುವ ಮಾದರಿಯನ್ನು ಮರದಲ್ಲಿ ಮಾಡಿ ಫೌಂಡ್ರಿಗೆ (ಎರಕದ ಕಾರ್ಖಾನೆಗೆ) ಕೊಡಿ. ಗಡಿಯ ಆಚೆ ಈಚೆ ಎರಕದ ಪೇಟೆಗಳಿಗೆ ಬರವಿಲ್ಲ: ಬೆಳಗಾವಿ, ಕೊಲ್ಹಾಪುರ, ಪಂಪುಗಳಿಗೆ ಹೆಸರಾದ ಕೊಯಮತ್ತೂರು. ಮಾದರಿ ಚೆನ್ನಾಗಿದ್ದರೆ ಅವರು ತೂಕದ ಲೆಕ್ಕದಲ್ಲಿ ಹೊಯ್ದು ಕೊಡುತ್ತಾರೆ.

ಕಬ್ಬಿಣದ ಭಾಗದ ಬದಲಿಗೆ ಅಲ್ಯೂಮಿನಿಯಂ ಹಾಕಿದರೆ ತಡೆಯುತ್ತದೆಯೇ?

ಅಳತೆ ಹಾಗೆಯೇ ಇಟ್ಟುಕೊಂಡರೆ ಎಲ್ಲ ಕಡೆ ತಡೆಯುವುದಿಲ್ಲ. ನಡುವಿನ ಗಡ್ಡೆ, ಬೋಲ್ಟ್ ಕೂರುವ ಕಿವಿ, ಒಳಮೂಲೆಗಳು ಇವನ್ನು ಒಂದೂವರೆ ಪಟ್ಟು ದಪ್ಪ ಮಾಡಿ. ಚೂಪಾದ ಒಳಮೂಲೆಗಳಿಗೆ ಮೇಣ ತುಂಬಿ ದುಂಡಗೆ ಮಾಡಿ. ಬಿರುಕು ಶುರುವಾಗುವುದು ಅಲ್ಲಿಂದಲೇ. ಶಾಫ್ಟ್ ಕೂರುವಲ್ಲಿ ಉಕ್ಕಿನ ಬುಶ್ ಬಡಿದು ಅದಕ್ಕೆ ಕೀ (ಶಾಫ್ಟಿನ ಮೇಲೆ ಭಾಗ ಜಾರದಂತೆ ಹಿಡಿಯುವ ಸಣ್ಣ ತುಂಡು) ಕೂರುವ ತೋಡು ಹೊಡೆಸಿ. ಅಲ್ಯೂಮಿನಿಯಂನಲ್ಲೇ ತೋಡಿದರೆ ಎರಡು ಸುಗ್ಗಿಯಲ್ಲಿ ಕೀ ಸಡಿಲವಾಗುತ್ತದೆ.

ಗುಜರಿಯಿಂದ ಏನು ತರಬೇಕು?

ಅಂಗಡಿಯ ಬೋರ್ಡಿನಲ್ಲಿ ಮಲಯಾಳದಲ್ಲಿ ‘ಆಕ್ರಿ’ ಎಂದಿರುತ್ತದೆ, ನಾವು ಗುಜರಿ ಎನ್ನುತ್ತೇವೆ, ಮಾಲು ಒಂದೇ. ಒಂದು ಸಲ ಎರಕವಾಗಿದ್ದ ವಸ್ತುವನ್ನೇ ಆರಿಸಿ. ಬೈಕಿನ ಎಂಜಿನ್ ಕವರ್, ಸಿಲಿಂಡರ್ ಹೆಡ್, ಪಿಸ್ಟನ್. ಇವುಗಳಲ್ಲಿ ಸಿಲಿಕಾನ್ ಬೆರೆತಿರುತ್ತದೆ. ಅದರಿಂದಲೇ ಲೋಹ ನೀರಿನ ಹಾಗೆ ಅಚ್ಚಿನ ಮೂಲೆಮೂಲೆಗೆ ಹರಿಯುತ್ತದೆ, ತಣಿಯುವಾಗ ಬಿರಿಯುವುದಿಲ್ಲ. ಪಿಸ್ಟನಿನಲ್ಲಿ ಉಕ್ಕಿನ ಪಿನ್ನು, ರಿಂಗುಗಳಿದ್ದರೆ ಮೊದಲೇ ತೆಗೆಯಿರಿ.

ಪಾತ್ರೆ, ಕಿಟಕಿಯ ಪಟ್ಟಿ, ಎಳೆದ ಪೈಪು ಬೇಡ. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಹಳೆಯ ತಟ್ಟೆಗಳು ಇಲ್ಲಿ ಮನೆ ಮನೆಯಲ್ಲೂ ರಾಶಿ ಬಿದ್ದಿರುತ್ತವೆ, ಆಸೆಯಾಗುವುದು ಸಹಜ. ಆದರೆ ಅದು ತಟ್ಟಿ ಹರಡಲು ಮಾಡಿದ ಮೆದು ಅಲ್ಯೂಮಿನಿಯಂ. ಅಚ್ಚಿನಲ್ಲಿ ಹರಿಯದೆ ಗಂಜಿಯಂತೆ ನಿಂತುಬಿಡುತ್ತದೆ. ತಂಪು ಪಾನೀಯದ ಡಬ್ಬಿಗಳು ಕರಗಿದರೆ ಅರ್ಧ ಪಾಲು ಕಿಟ್ಟವೇ, ಅಂದರೆ ಮೇಲೆ ತೇಲುವ ಕಸ.

ಎರಡು ಎಚ್ಚರಿಕೆ. ಶಾಕ್ ಅಬ್ಸಾರ್ಬರ್, ಬಾಯಿ ಮುಚ್ಚಿದ ಕೊಳವೆ, ಒಳಗೆ ಟೊಳ್ಳಿರುವ ಯಾವುದನ್ನೂ ಮೂಸೆಗೆ (ಲೋಹ ಕರಗಿಸುವ ಪಾತ್ರೆಗೆ) ಹಾಕಬೇಡಿ, ಬಾಂಬಿನಂತೆ ಸಿಡಿಯುತ್ತದೆ. ಇನ್ನೊಂದು ಮೆಗ್ನೀಸಿಯಂ. ಮರ ಕೊಯ್ಯುವ ಚೈನ್‌ಸಾ ಯಂತ್ರದ ಮೈ ಬಹಳಷ್ಟು ಸಲ ಮೆಗ್ನೀಸಿಯಂ ಮಿಶ್ರಲೋಹದ್ದಾಗಿರುತ್ತದೆ, ಬೆಂಕಿ ಹಿಡಿದರೆ ಆರಿಸುವುದು ಕಷ್ಟ. ಅರದಿಂದ ಉಜ್ಜಿದ ಜಾಗಕ್ಕೆ ಒಂದು ಹನಿ ವಿನೆಗರ್ ಬಿಡಿ. ಗುಳ್ಳೆ ಎದ್ದರೆ ಅದನ್ನು ಗುಜರಿಗೇ ಮರಳಿಸಿ.

ಮದ್ದು ಬಿಡುವ ಪಂಪಿನ ಭಾಗಗಳನ್ನು ಅಲ್ಯೂಮಿನಿಯಂನಲ್ಲಿ ಮಾಡಬಹುದೇ?

ಒತ್ತಡದ ಮಾತು ಆಗಲೇ ಹೇಳಿದ್ದೇನೆ. ಒತ್ತಡವಿಲ್ಲದ ಭಾಗವಾದರೂ ಬೋರ್ಡೋ ದ್ರಾವಣ ತಾಗುವಂತಿದ್ದರೆ ಬೇಡ. ಕೊಳೆರೋಗಕ್ಕೆ ನಾವು ಬಿಡುವುದು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತು ಅದನ್ನು ಕರಗಿಸುತ್ತದೆ. ಸುಣ್ಣ ಹೆಚ್ಚಾದರೆ ಕ್ಷಾರವೂ ಅದನ್ನು ತಿನ್ನುತ್ತದೆ. ಯಾವ ಕಡೆ ವಾಲಿದರೂ ಅಲ್ಯೂಮಿನಿಯಂಗೆ ಸೋಲು. ಗನ್‌ಮೆಟಲ್ (ತಾಮ್ರಕ್ಕೆ ತವರ, ಸತು ಬೆರೆಸಿದ ಲೋಹ) ಅಥವಾ ಹಿತ್ತಾಳೆ ಬೇಕು, ಅದನ್ನು ಫೌಂಡ್ರಿಯಿಂದ ತರಿಸಿ.

ಒಡೆದ ಕಂಚಿನ ಉರುಳಿ ಮನೆಯಲ್ಲಿದೆ. ಕರಗಿಸಿ ಬುಶ್ ಮಾಡಲೇ?

ಅಜ್ಜಿಯ ಉರುಳಿಯಾದರೆ ಅದನ್ನು ಕರಗಿಸಲು ಮನಸ್ಸು ಹೇಗೆ ಬರುತ್ತದೋ ತಿಳಿಯದು. ಅದಿರಲಿ, ಲೋಹವೂ ಹೊಂದುವುದಿಲ್ಲ. ಓಟುಪಾತ್ರೆಯ ಕಂಚಿನಲ್ಲಿ ತವರ ಶೇಕಡಾ ಇಪ್ಪತ್ತರ ಆಸುಪಾಸಿನಲ್ಲಿರುತ್ತದೆ. ಅದಕ್ಕೇ ತಟ್ಟಿದರೆ ಗಂಟೆಯಂತೆ ನುಡಿಯುತ್ತದೆ, ಕೆಳಗೆ ಬಿದ್ದರೆ ಮಡಕೆಯಂತೆ ಒಡೆಯುತ್ತದೆ. ಬುಶ್ಶಿನ ಕಂಚಿನಲ್ಲಿ ತವರ ಅದರ ಅರ್ಧದಷ್ಟು. ಪಯ್ಯನ್ನೂರಿನ ಹತ್ತಿರ ಕುಂಞಿಮಂಗಲದಲ್ಲಿ ಮೂಶಾರಿಗಳು ಇಂದಿಗೂ ಮೇಣದ ಮಾದರಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಟೊಳ್ಳಿಗೆ ಕಂಚು ಹೊಯ್ಯುತ್ತಾರೆ. ಒಮ್ಮೆ ಹೋಗಿ ನೋಡಿ. ಮಣ್ಣಿನ ಅಚ್ಚನ್ನು ಒಣಗಿಸಲು ಅವರಿಗಿರುವ ತಾಳ್ಮೆಯ ಹತ್ತರಲ್ಲೊಂದು ಪಾಲು ನಮಗಿದ್ದರೆ ನಮ್ಮ ಅರ್ಧ ಎರಕಗಳು ಕೆಡುವುದಿಲ್ಲ.

ಕುಲುಮೆ ಹೇಗೆ ಕಟ್ಟುವುದು? ಮುರಕಲ್ಲಿನಿಂದ ಆಗುವುದಿಲ್ಲವೇ?

ಕಲ್ಲು ಅಂಗಳದಲ್ಲೇ ಇರುವುದರಿಂದ ಈ ಪ್ರಶ್ನೆ ತಪ್ಪಿದ್ದಲ್ಲ. ಆದರೆ ಮುರಕಲ್ಲಿನ ತೂತುಗಳಲ್ಲಿ ನೀರು ನಿಂತಿರುತ್ತದೆ. ಬಿಸಿ ತಾಗಿದಾಗ ಅದು ಆವಿಯಾಗಿ ಕಲ್ಲು ಸಿಡಿಯುತ್ತದೆ. ಹೊರಗಿನ ಕಟ್ಟೆಗೆ ಮುರಕಲ್ಲು ಇರಲಿ, ಒಳಮೈಗೆ ಬೆಂಕಿ ಇಟ್ಟಿಗೆ ಮತ್ತು ಫೈರ್‌ಕ್ಲೇ. ಮೂಸೆಯ ಸುತ್ತ ನಾಲ್ಕು ಬೆರಳು ಇದ್ದಿಲಿಗೆ ಜಾಗ, ಕೆಳಗಿನಿಂದ ಗಾಳಿಯ ಕೊಳವೆ, ಮೇಲೆ ತೂತಿರುವ ಮುಚ್ಚಳ. ಇಷ್ಟೇ. ಕಟ್ಟಿದ ಮೇಲೆ ವಾರಗಟ್ಟಲೆ ಒಣಗಿಸಿ, ಮೊದಲ ಎರಡು ಮೂರು ಸಲ ಸಣ್ಣ ಬೆಂಕಿ ಹಾಕಿ.

ಇಂಧನಕ್ಕೆ ತೆಂಗಿನ ಗೆರಟೆ ಇದ್ದಿಲಿನಷ್ಟು ಒಳ್ಳೆಯದು ನಮಗೆ ಬೇರೆ ಸಿಗುವುದಿಲ್ಲ. ಹೊಗೆ ಕಡಿಮೆ, ಕಾವು ಹೆಚ್ಚು, ಕಿಡಿ ಮಾತ್ರ ಹಾರುತ್ತದೆ. ಆದ್ದರಿಂದ ಒಣ ಹಾಳೆ, ಮಡಲು, ಸೋಗೆಯ ರಾಶಿ ಹತ್ತಿರ ಇರಬಾರದು. ನನ್ನ ಕುಲುಮೆಗೆ ಮೂರು ಕಿಲೋ ಅಲ್ಯೂಮಿನಿಯಂಗೆ ನಾಲ್ಕೈದು ಕಿಲೋ ಇದ್ದಿಲು ಹೋಗುತ್ತದೆ. ಇದ್ದಿಲಿನ ವಿಷಾನಿಲಕ್ಕೆ ವಾಸನೆ ಇಲ್ಲ. ಮುಚ್ಚಿದ ಕೋಣೆಯಲ್ಲಿ ಉರಿಸಬೇಡಿ. ಅಡುಗೆಯ 14.2 ಕಿಲೋ ಸಿಲಿಂಡರನ್ನು ಇದಕ್ಕೆ ಬಳಸುವುದು ಕಾನೂನಿಗೆ ವಿರುದ್ಧ. ಅನಿಲವೇ ಬೇಕೆಂದರೆ ವಾಣಿಜ್ಯದ ಸಿಲಿಂಡರ್ ತೆಗೆದುಕೊಳ್ಳಿ.

ಮತ್ತೊಂದು ವಿಷಯ: ಲೋಹ ಕರಗುವ ಹೊತ್ತಿಗೇ ಕರೆಂಟು ಹೋಗುತ್ತದೆ. ಇದಕ್ಕೆ ಕಾರಣ ಕೇಳಬೇಡಿ, ಕೈಯಲ್ಲಿ ತಿರುಗಿಸುವ ಬ್ಲೋವರ್ ಒಂದನ್ನು ಇಟ್ಟುಕೊಳ್ಳಿ.

ಮೂಸೆಯ ಬದಲು ಕಬ್ಬಿಣದ ಪಾತ್ರೆ ನಡೆಯುವುದೇ?

ಒಂದೆರಡು ಸಲ ನಡೆಯುತ್ತದೆ. ಕರಗಿದ ಅಲ್ಯೂಮಿನಿಯಂ ಕಬ್ಬಿಣವನ್ನು ತಿನ್ನುತ್ತಾ ಹೋಗುತ್ತದೆ: ಲೋಹ ಪೆಡಸಾಗುತ್ತದೆ, ಪಾತ್ರೆ ತೆಳುವಾಗಿ ಒಂದು ದಿನ ತಳ ಕಳಚುತ್ತದೆ. ಗ್ರಾಫೈಟ್ ಬೆರೆಸಿದ ಮಣ್ಣಿನ ಮೂಸೆ ಕೊಳ್ಳಿ. ಮೂಸೆಯ ನಂಬರ್ ಸುಮಾರಾಗಿ ಅದು ಹಿಡಿಯುವ ಹಿತ್ತಾಳೆಯ ಕಿಲೋ ಲೆಕ್ಕ. ಅಲ್ಯೂಮಿನಿಯಂ ಅದರ ಮೂರನೇ ಒಂದು ಪಾಲಿಗಿಂತಲೂ ತುಸು ಕಡಿಮೆ ಹಿಡಿಯುತ್ತದೆ. ಹೊಸ ಮೂಸೆಯನ್ನು ನಿಧಾನವಾಗಿ ಕಾಯಿಸಿ ತೇವ ಬಿಡಿಸಿ. ಲೋಹದ ತುಂಡುಗಳನ್ನು ಬಿಗಿಯಾಗಿ ತುರುಕಬೇಡಿ, ಬಿಸಿಗೆ ಹಿಗ್ಗಿ ಮೂಸೆಯನ್ನೇ ಸೀಳುತ್ತವೆ.

ಮುರಿದ ಭಾಗವನ್ನೇ ಅಂಟಿಸಿ ಮಾದರಿಯಾಗಿ ಬಳಸಬಹುದೇ?

ಎಲ್ಲರೂ ಮೊದಲು ಮಾಡುವುದು ಇದನ್ನೇ. ನಾನೂ ಮಾಡಿದೆ. ಹತ್ತು ಇಂಚಿನ ಹಳೆಯ ಪುಲ್ಲಿಯನ್ನು ಅಂಟಿಸಿ ಮರಳಿನಲ್ಲಿ ಹೂತೆ. ಎತ್ತುವಾಗ ಬೆಲ್ಟ್ ಕೂರುವ ತೋಡಿನೊಳಗಿನ ಮರಳೆಲ್ಲ ಕಿತ್ತು ಬಂತು. ಬರಲೇಬೇಕಲ್ಲ! ಪಕ್ಕಕ್ಕೆ ಕೊರೆದಿರುವ ತೋಡಿನಿಂದ ಮರಳು ಮೇಲಕ್ಕೆ ಹೇಗೆ ಬಿಡುತ್ತದೆ? ಅಂಥ ತೋಡನ್ನು ಎರಕದಲ್ಲಿ ತರಲೇಬಾರದು. ಅಂಚನ್ನು ಗಟ್ಟಿಯಾಗಿ ಹೊಯ್ದು ಲೇತಿನಲ್ಲಿ ತೋಡಬೇಕು. ಎ ಬೆಲ್ಟ್ ಮೇಲ್ಗಡೆ 13 ಮಿಲಿಮೀಟರ್ ಅಗಲ, ಬಿ ಬೆಲ್ಟ್ 17. ತೋಡಿನ ಕೋನ ಪುಲ್ಲಿಯ ಗಾತ್ರಕ್ಕೆ ತಕ್ಕಂತೆ 34ರಿಂದ 38 ಡಿಗ್ರಿ.

ಎರಡನೆಯ ಸಲ ತೋಡನ್ನು ಮೇಣದಿಂದ ಮುಚ್ಚಿ ಹೊಯ್ದೆ. ಪುಲ್ಲಿ ಚೆನ್ನಾಗಿಯೇ ಬಂತು, ಆದರೆ ಚಿಕ್ಕದಾಗಿತ್ತು. ಅಲ್ಯೂಮಿನಿಯಂ ತಣಿಯುವಾಗ ಮೀಟರಿಗೆ ಸುಮಾರು 13 ಮಿಲಿಮೀಟರ್ ಕುಗ್ಗುತ್ತದೆ. 254 ಮಿಲಿಮೀಟರಿನ ಪುಲ್ಲಿ ಮೂರು ಮಿಲಿಮೀಟರಿಗಿಂತ ಹೆಚ್ಚು ಕಿರಿದಾಯಿತು. ಅದರ ಮೇಲೆ ಲೇತಿನವನಿಗೆ ಕೆರೆಯಲು ಎರಡೂ ಬದಿ ಎರಡೆರಡು ಮಿಲಿಮೀಟರ್ ಬೇಕಿತ್ತು. ಹಾಗಾಗಿ ಮುರಿದ ಭಾಗ ಅಳತೆ ತೆಗೆಯಲು ಮಾತ್ರ. ಮಾದರಿಯನ್ನು ಒಣಗಿದ ಹಲಸಿನ ಹಲಗೆಯಲ್ಲಿ ಹೊಸದಾಗಿ ಮಾಡಿ, ಕುಗ್ಗುವಿಕೆಯನ್ನೂ ಕೆರೆಯುವ ಪಾಲನ್ನೂ ಸೇರಿಸಿ, ನಿಂತ ಬದಿಗಳಿಗೆ ಒಂದೆರಡು ಡಿಗ್ರಿ ಇಳಿಜಾರು ಕೊಡಿ. ಬಕೆಟ್ಟಿನಲ್ಲಿ ಒತ್ತಿದ ಮರಳು ಬೋರಲು ಹಾಕಿದಾಗ ಸುಲಭವಾಗಿ ಬಿಡುವುದು ಬಕೆಟ್ಟಿನ ಬದಿ ಓರೆಯಾಗಿರುವುದರಿಂದಲೇ. ವಾರ್ನಿಶ್ ಹಚ್ಚಿ ನುಣುಪು ಮಾಡಿ.

ಎರಕದ ಕೆಲಸ ಹತ್ತು ಗಂಟೆಯದಾದರೆ ಅದರಲ್ಲಿ ಆರು ಗಂಟೆ ಮಾದರಿಗೆ, ಮೂರು ಗಂಟೆ ಮರಳಿಗೆ. ಬೆಂಕಿಯ ಪಾಲಿಗೆ ಒಂದೇ ಗಂಟೆ.

ಯಾವ ಮರಳು?

ಕಡಲ ಮರಳು ಬೇಡ, ಅದರಲ್ಲಿ ಉಪ್ಪು ಮತ್ತು ಚಿಪ್ಪಿನ ಚೂರು ಇರುತ್ತದೆ. ಗೋಡೆ ಸಾರಣೆಗೆ ತಂದು ಉಳಿದ ನಯ ಮರಳನ್ನು ಹಿಟ್ಟಿನ ಜರಡಿಯಲ್ಲಿ ಸೋಸಿ. ಹತ್ತು ಪಾಲಿಗೆ ಒಂದು ಪಾಲು ಬೆಂಟೋನೈಟ್ ಎಂಬ ಅಂಟುಮಣ್ಣು. ಅರ್ಥಿಂಗ್ ಗುಂಡಿಗೆ ಹಾಕುವ ಪುಡಿ ಎಂದು ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ, ಆದರೆ ಬೇರೇನೂ ಬೆರೆಸದ್ದೇ ಎಂದು ನೋಡಿಕೊಳ್ಳಿ. ನೀರು ಶೇಕಡಾ ಮೂರರಿಂದ ಐದು, ಅಷ್ಟೇ. ಮುಷ್ಟಿಯಲ್ಲಿ ಹಿಚುಕಿದರೆ ಬೆರಳ ಗುರುತು ಮೂಡಬೇಕು, ಮುರಿದರೆ ಅಂಚು ಉದುರದೆ ಎರಡು ತುಂಡಾಗಬೇಕು. ಕೈಗೆ ಒದ್ದೆ ಅಂಟಿದರೆ ನೀರು ಹೆಚ್ಚಾಯಿತು. ಅಚ್ಚನ್ನು ಮೇಲೊಂದು ಕೆಳಗೊಂದು ಪೆಟ್ಟಿಗೆಯಲ್ಲಿ ಮರಳು ಒತ್ತಿ ಮಾಡುವುದು; ಆ ಎರಡು ಪೆಟ್ಟಿಗೆಗಳ ನಡುವೆ ಮರಳು ಅಂಟದಿರಲು ಟಾಲ್ಕಂ ಪೌಡರ್ ಉದುರಿಸಿ.

ನೀರು ಶತ್ರು ಎನ್ನುತ್ತೀರಿ, ಮರಳಿಗೆ ನೀರು ಹಾಕುತ್ತೀರಿ. ಇದು ಹೇಗೆ?

ಒಳ್ಳೆಯ ಪ್ರಶ್ನೆ, ಕೇಳಿದ್ದು ನಮ್ಮ ಪಕ್ಕದ ಮನೆಯ ಹುಡುಗಿ. ನೀರು ಆವಿಯಾದಾಗ ಸುಮಾರು 1600 ಪಟ್ಟು ಹಿಗ್ಗುತ್ತದೆ. ಮರಳಿನ ಕಣಗಳ ನಡುವೆ ಸಂದುಗಳಿವೆ. ಸ್ವಲ್ಪ ತೇವದ ಆವಿ ಅವುಗಳ ಮೂಲಕ ನುಸುಳಿ ಹೋಗುತ್ತದೆ. ಸೈಕಲ್ ಸ್ಪೋಕಿನಿಂದ ಅಲ್ಲಲ್ಲಿ ಚುಚ್ಚಿದರೆ ಇನ್ನೂ ಸಲೀಸು. ಅಪಾಯ ಇರುವುದು ಲೋಹದ ಕೆಳಗೆ ನೀರು ಸಿಕ್ಕಿಬಿದ್ದಾಗ. ಒದ್ದೆ ಚಿಮಟ, ಮಳೆಯಲ್ಲಿ ನೆನೆದ ಗುಜರಿ, ತಣ್ಣಗಿನ ಸೌಟು, ಸಿಮೆಂಟ್ ನೆಲ. ಹೌದು, ಸಿಮೆಂಟ್ ನೆಲವೂ: ಚೆಲ್ಲಿದ ಲೋಹದ ಕಾವಿಗೆ ಅದರೊಳಗಿನ ತೇವ ಆವಿಯಾಗಿ ಕಾಂಕ್ರೀಟು ಚೂರುಚೂರಾಗಿ ಎಗರುತ್ತದೆ. ಸುರಿಯುವ ಜಾಗದಲ್ಲಿ ನಾಲ್ಕಿಂಚು ಒಣ ಮರಳು ಹಾಸಿ. ಬೆಂಕಿ ಬಿದ್ದರೂ ಒಣ ಮರಳೇ, ನೀರಿನ ಕೊಡ ಹತ್ತಿರ ತರಬೇಡಿ.

ಏನು ಉಟ್ಟುಕೊಳ್ಳಬೇಕು?

ಮುಂಡು ಮತ್ತು ಹವಾಯಿ ಚಪ್ಪಲಿಯಲ್ಲಿ ತೋಟದ ಎಲ್ಲ ಕೆಲಸ ಆಗುತ್ತದೆ, ಇದೊಂದು ಬಿಟ್ಟು. ದಪ್ಪ ಹತ್ತಿಯ ಪ್ಯಾಂಟು, ಅದು ಚರ್ಮದ ಬೂಟಿನ ಹೊರಗೆ ಇಳಿದಿರಬೇಕು. ಬೂಟಿನೊಳಗೆ ಸೇರಿಸಿದರೆ ಚೆಲ್ಲಿದ ಲೋಹ ನೇರ ಪಾದಕ್ಕೆ ಇಳಿಯುತ್ತದೆ. ಚರ್ಮದ ಕೈಗವಸು, ಮುಖಕ್ಕೆ ಪೂರ್ತಿ ಕವಚ. ಪಾಲಿಯೆಸ್ಟರ್ ಮೈಗೇ ಕರಗಿ ಅಂಟುತ್ತದೆ. ಜೊತೆಗೆ ಒಬ್ಬರು ಇರಲಿ, ಮೂರನೆಯವರು ಬೇಡ, ಮಕ್ಕಳು ದೂರ.

ನಡುವಿನ ತೂತು ಎರಕದಲ್ಲೇ ಬರುವಂತೆ ಮಾಡುವುದು ಹೇಗೆ?

ಸಣ್ಣ ತೂತಾದರೆ ಬಿಡಿ, ಕೊರೆಸುವುದೇ ಸುಲಭ. ಒಂದಿಂಚಿಗಿಂತ ದೊಡ್ಡದಾದರೆ ಮರಳಿನದೇ ಒಂದು ಗಟ್ಟಿ ಕಡ್ಡಿ, ಅಂದರೆ ಕೋರ್, ಮಾಡಿ ಅಚ್ಚಿನೊಳಗೆ ನಿಲ್ಲಿಸಬೇಕು. ಒಣ ಮರಳಿಗೆ ದಪ್ಪ ಬೆಲ್ಲದ ನೀರು ಕಲಸಿ, ಪಿವಿಸಿ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ಅದರಲ್ಲಿ ಒತ್ತಿ, ಬಿಡಿಸಿ, ಕೆಂಪಗಾಗುವವರೆಗೆ ಬೇಯಿಸುತ್ತೇನೆ. ಇರುವೆಗಳಿಂದ ಕಾಪಾಡುವುದೇ ದೊಡ್ಡ ಕೆಲಸ.

ಎಷ್ಟು ಲೋಹ ಬೇಕೆಂದು ಮೊದಲೇ ತಿಳಿಯುವುದು ಹೇಗೆ?

ಹಳೆಯ ಭಾಗವನ್ನು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಅಳೆಯಿರಿ. ಮಿಲಿಲೀಟರನ್ನು 2.7ರಿಂದ ಗುಣಿಸಿದರೆ ಅಲ್ಯೂಮಿನಿಯಂನ ಗ್ರಾಂ ಸಿಗುತ್ತದೆ. 600 ಮಿಲಿಲೀಟರ್ ಚೆಲ್ಲಿದರೆ 1620 ಗ್ರಾಂ. ಸುರಿಯುವ ದಾರಿ, ಮೇಲಿನ ಬಾವಿ, ಕಿಟ್ಟ ಎಲ್ಲ ಸೇರಿ ಅದರ ಅರ್ಧದಷ್ಟು ಹೆಚ್ಚು ಕರಗಿಸಿ. ಅಚ್ಚು ಮುಕ್ಕಾಲು ತುಂಬಿದಾಗ ಮೂಸೆ ಖಾಲಿಯಾದರೆ ಉಂಟಾಗುವ ದುಃಖಕ್ಕೆ ಪರಿಹಾರವಿಲ್ಲ.

ಮೇಲಿನ ಬಾವಿ ಎಂದರೆ?

ಲೋಹ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇಕಡಾ ಆರರ ಆಸುಪಾಸು ಕುಗ್ಗುತ್ತದೆ. ತೆಳು ಭಾಗ ಮೊದಲು ಗಟ್ಟಿಯಾಗಿ, ದಪ್ಪ ಭಾಗದಿಂದ ಲೋಹ ಎಳೆದುಕೊಳ್ಳುತ್ತದೆ. ಕೊನೆಗೆ ದಪ್ಪ ಭಾಗಕ್ಕೆ ಕೊಡುವವರಿಲ್ಲದೆ ಅಲ್ಲಿ ಗುಳಿ ಬೀಳುತ್ತದೆ. ಪುಲ್ಲಿಯ ನಡುಗಡ್ಡೆಯ ಮೇಲೆ ಅದಕ್ಕಿಂತ ದಪ್ಪನೆಯ ಒಂದು ಕಂಬದಷ್ಟು ಟೊಳ್ಳು ಬಿಟ್ಟರೆ, ಅಲ್ಲಿ ತುಂಬಿದ ಲೋಹ ಕೊನೆಗೆ ಗಟ್ಟಿಯಾಗುತ್ತಾ ಕೆಳಗಿನದಕ್ಕೆ ಉಣಿಸುತ್ತದೆ. ಆಮೇಲೆ ಗರಗಸದಿಂದ ಕೊಯ್ದು ತೆಗೆಯಿರಿ.

ಹೊರಗಿನಿಂದ ಚೆನ್ನಾಗಿದ್ದ ಎರಕ ಲೇತಿಗೆ ಹಾಕಿದಾಗ ಒಳಗೆಲ್ಲ ತೂತು. ಏಕೆ?

ನನ್ನ ಮೂರನೆಯ ಪುಲ್ಲಿಯನ್ನು ಕೆರೆದ ಲೇತಿನವನು ಅದನ್ನು ಬೆಳಕಿಗೆ ಹಿಡಿದು, “ಇದು ಪುಲ್ಲಿಯೋ ನೀರುದೋಸೆಯೋ?” ಎಂದು ಕೇಳಿದ. ಅದನ್ನು ಹೊಯ್ದದ್ದು ಆಟಿ ತಿಂಗಳ ಮಳೆಯಲ್ಲಿ. ಕರಗಿದ ಅಲ್ಯೂಮಿನಿಯಂ ನೀರಿನ ಆವಿಯಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಅದನ್ನು ಹೊರಹಾಕುತ್ತದೆ. ಹೊರಬರಲಾಗದ್ದು ಒಳಗೆ ಗುಳ್ಳೆಯಾಗಿ ಉಳಿಯುತ್ತದೆ. ಕಾವು ಹೆಚ್ಚಾದಷ್ಟೂ, ಕರಗಿಸಿ ಇಟ್ಟ ಹೊತ್ತು ಹೆಚ್ಚಾದಷ್ಟೂ, ಕಡ್ಡಿಯಿಂದ ಕಲಕಿದಷ್ಟೂ ಹೀರುವುದು ಹೆಚ್ಚು.

ಆದ್ದರಿಂದ ಜೂನಿನಿಂದ ಸೆಪ್ಟೆಂಬರಿನವರೆಗೆ ನಾನು ಕುಲುಮೆ ಹಚ್ಚುವುದಿಲ್ಲ. ಆ ತಿಂಗಳುಗಳಲ್ಲಿ ಮಾದರಿ ಕೆತ್ತುತ್ತೇನೆ. ಗುಜರಿಯ ಎಣ್ಣೆ, ಬಣ್ಣ ತೆಗೆದು, ಕುಲುಮೆಯ ಅಂಚಿನಲ್ಲಿ ಬಿಸಿ ಮಾಡಿಯೇ ಮೂಸೆಗೆ ಹಾಕಿ. ಕರಗಿದೊಡನೆ ಕಿಟ್ಟವನ್ನು ಒಮ್ಮೆ ತೆಗೆದು ತಡಮಾಡದೆ ಸುರಿಯಿರಿ. ಕಾವನ್ನು ಕಣ್ಣಿನಿಂದ ಅಳೆಯಲಾಗುವುದಿಲ್ಲ. ಹಗಲಿನಲ್ಲಿ ಅಲ್ಯೂಮಿನಿಯಂ ಎಷ್ಟು ಕಾದರೂ ಬೆಳ್ಳಿಯಂತೆಯೇ ಕಾಣುತ್ತದೆ. ದೂರದಿಂದ ಗುರಿಯಿಟ್ಟು ನೋಡುವ ಥರ್ಮಾಮೀಟರ್ ಆ ಹೊಳಪಿಗೆ ಮೋಸಹೋಗುತ್ತದೆ. ಲೋಹದಲ್ಲಿ ಅದ್ದುವ ಕೆ ಮಾದರಿಯ ಥರ್ಮೋಕಪಲ್ ಕೊಳ್ಳಿ. ಔಷಧಿ ಗುಳಿಗೆ ಹಾಕಿ ಅನಿಲ ಬಿಡಿಸುವ ಪದ್ಧತಿ ಫೌಂಡ್ರಿಗಳಲ್ಲಿದೆ. ಅದರ ಹೊಗೆ ವಿಷ, ಮನೆಗೆ ಬೇಡ.

ಸುರಿಯುವಾಗ ಏನು ಗಮನಿಸಬೇಕು?

ಮೂಸೆಯ ಮೂತಿಯನ್ನು ಅಚ್ಚಿನ ಬಾಯಿಗೆ ಹತ್ತಿರ ಹಿಡಿದು, ಒಂದೇ ಧಾರೆಯಲ್ಲಿ, ಬಾಯಿ ಸದಾ ತುಂಬಿರುವಂತೆ. ನಿಲ್ಲಿಸಿ ಮತ್ತೆ ಸುರಿದರೆ ಎರಡು ಧಾರೆಗಳು ಬೆಸೆಯುವುದಿಲ್ಲ.

ಖರ್ಚಿನಲ್ಲಿ ಲಾಭ ಇದೆಯೇ?

ಲೋಹದ ಬೆಲೆ ಎಲ್ಲಕ್ಕಿಂತ ಕಡಿಮೆ. ಲೇತಿನ ಕೂಲಿ ಅದಕ್ಕಿಂತ ಹೆಚ್ಚು. ನಿಮ್ಮ ದಿನಗಳಿಗೆ ಬೆಲೆ ಕಟ್ಟಿದರೆ ನಷ್ಟವೇ. ತಯಾರಿಸಿದ ಕಂಪನಿಯೇ ಮುಚ್ಚಿಹೋಗಿ, ಒಂದು ಕೈಯಗಲದ ಭಾಗಕ್ಕಾಗಿ ಇಡೀ ಯಂತ್ರ ಮೂಲೆಗೆ ಬಿದ್ದಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ನನ್ನ ನಾಲ್ಕನೆಯ ಪುಲ್ಲಿ ಈಗ ಮೂರನೆಯ ವರ್ಷ ಅಡಿಕೆ ಸುಲಿಯುತ್ತಿದೆ.

ಮೊದಲ ಸಲ ಏನು ಹೊಯ್ಯಲಿ?

ಚಪ್ಪಟೆಯಾದ, ತೂತಿಲ್ಲದ, ಯಾರಿಗೂ ಬೇಡದ ಒಂದು ತುಂಡು. ನನ್ನದು ಈಗ ಹಟ್ಟಿಯ ಬಾಗಿಲು ಗಾಳಿಗೆ ಬಡಿಯದಂತೆ ತಡೆದು ಕೂತಿದೆ.

ನನಗೊಂದು ಹೊಯ್ದು ಕೊಡುತ್ತೀರಾ?

ಮಾದರಿ ನೀವೇ ಕೆತ್ತಿ ತನ್ನಿ. ಡಿಸೆಂಬರ್ ಕಳೆದ ಮೇಲೆ ಬನ್ನಿ, ಬರುವಾಗ ಒಂದು ಗೋಣಿ ಗೆರಟೆ ಇದ್ದಿಲು ಇರಲಿ.